ಮಾತಿನ ಬಾಂಬಿಗೆ ಒಂದು ಗಂಟೆ, ಮಾತಿಲ್ಲದ ಬ್ಯಾಗಿಗೆ ಮೂರು ಗಂಟೆ ಏಕೆ?

ಪ್ರಶ್ನೆ: ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಇತ್ತೀಚೆಗೆ ಅಂಗಡಿಯ ಮೆಟ್ಟಿಲ ಪಕ್ಕ ಯಾರೋ ಒಂದು ಕಪ್ಪು ಬ್ಯಾಗ್ ಬಿಟ್ಟುಹೋಗಿದ್ದರು. ಅಕ್ಕಪಕ್ಕದಲ್ಲಿ, ಬಸ್ಸಿನವರಲ್ಲಿ ಎಲ್ಲ ಕೇಳಿದೆ. ತಮ್ಮದೆಂದು ಯಾರೂ ಹೇಳಲಿಲ್ಲ. 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದು ಸಾಲಿನ ಅಂಗಡಿಗಳನ್ನೆಲ್ಲ ಮುಚ್ಚಿಸಿ ಮೂರು ಗಂಟೆ ರಸ್ತೆ ಬಂದ್ ಮಾಡಿದರು. ನಡುವೆ ದೊಡ್ಡದೊಂದು ಸದ್ದು ಕೇಳಿಸಿತು. ಕೊನೆಗೆ ಬ್ಯಾಗಿನಲ್ಲಿ ಸಿಕ್ಕಿದ್ದು ಹಳೆಯ ಬಟ್ಟೆ ಮತ್ತು ಮೊಬೈಲ್ ಚಾರ್ಜರ್. ವ್ಯಾಪಾರ ಹೋಯಿತೆಂದು ನೆರೆಯ ಅಂಗಡಿಯವರಿಗೆ ನನ್ನ ಮೇಲೆ ಇಂದಿಗೂ ಮುನಿಸು. ಎರಡು ವಾರ ಕಳೆದ ಮೇಲೆ ಮಗಳ ಶಾಲೆಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಅಲ್ಲಿ ಒಂದು ಗಂಟೆಯಲ್ಲಿ ತಪಾಸಣೆ ಮುಗಿದು ಮಧ್ಯಾಹ್ನ ತರಗತಿಯೂ ನಡೆಯಿತು. ಬಾಂಬ್ ಇಟ್ಟಿದ್ದೇನೆ ಎಂದು ಬರೆದುಕೊಟ್ಟವನನ್ನು ಹಗುರವಾಗಿ ತೆಗೆದುಕೊಂಡು, ಏನೂ ಹೇಳದ ಬ್ಯಾಗಿಗೆ ಅಷ್ಟೊಂದು ಗಲಾಟೆ ಮಾಡುವುದು ತಲೆಕೆಳಗಾದ ಕೆಲಸವಲ್ಲವೇ? ನಾನು ಫೋನ್ ಮಾಡಿದ್ದೇ ತಪ್ಪಾಯಿತೇ?

ಉತ್ತರ: ಫೋನ್ ಮಾಡಿದ್ದು ತಪ್ಪಲ್ಲ, ಪೊಲೀಸರು ಮಾಡಿದ್ದೂ ತಲೆಕೆಳಗಾದದ್ದಲ್ಲ. ಆದರೆ ಮೂರು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದವರು ಏಕೆ ನಿಲ್ಲಿಸಿದ್ದೇವೆ ಎಂದು ಒಂದು ಮಾತು ಹೇಳಬೇಕಿತ್ತು. ಹೇಳದೆ ಇರುವುದು ಇಲಾಖೆಯ ಹಳೆಯ ಚಾಳಿ. ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಅವರ ಪರ ವಹಿಸಿ ಮಾತನಾಡುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ ಅದಕ್ಕೆ ಸ್ವಲ್ಪ ರಿಯಾಯಿತಿ ಕೊಟ್ಟು ಓದಿಕೊಳ್ಳಿ.

ಬೆದರಿಕೆ ಎಂಬುದು ಮಾತು, ಬ್ಯಾಗ್ ಎಂಬುದು ವಸ್ತು. ಮಾತಿನ ಸತ್ಯಾಸತ್ಯವನ್ನು ಕುರ್ಚಿಯಲ್ಲಿ ಕುಳಿತೇ ತಕ್ಕಮಟ್ಟಿಗೆ ಅಳೆಯಬಹುದು: ಯಾರಿಗೆ ಬಂದಿದೆ, ಯಾವಾಗ ಬಂದಿದೆ, ಬೇರೆ ಎಲ್ಲೆಲ್ಲಿಗೆ ಹೋಗಿದೆ, ಜಾಗ ಮತ್ತು ಹೊತ್ತನ್ನು ನಿಖರವಾಗಿ ಹೇಳಿದ್ದಾನೆಯೇ ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ವಾರಸುದಾರರಿಲ್ಲದ ಬ್ಯಾಗನ್ನು ಹಾಗೆ ಅಳೆಯಲು ಬರುವುದಿಲ್ಲ. ಅದರ ಒಳಗೆ ಏನಿದೆ ಎಂದು ತಿಳಿಯಬೇಕಾದರೆ ಯಾರಾದರೊಬ್ಬರು ಹತ್ತಿರ ಹೋಗಲೇಬೇಕು, ಅಪಾಯವಿರುವುದೂ ಆ ಹತ್ತಿರ ಹೋಗುವುದರಲ್ಲೇ. ನಿಮ್ಮ ಮೂರು ಗಂಟೆಯ ಬಹುಪಾಲು ಹೋದದ್ದು ಅಲ್ಲಿಗೆ.

ಇನ್ನೊಂದು ವಿಷಯವಿದೆ. ನಿಜವಾಗಿ ಜನರನ್ನು ಕೊಲ್ಲಬೇಕೆಂದು ಬಾಂಬ್ ಇಡುವವನು ಸಾಮಾನ್ಯವಾಗಿ ಮೊದಲೇ ತಿಳಿಸುವುದಿಲ್ಲ. ತಿಳಿಸಿದರೆ ಜನ ಓಡಿಹೋಗುತ್ತಾರೆ, ಅವನ ಕೆಲಸ ಕೆಡುತ್ತದೆ. ಇದಕ್ಕೆ ದೂರದ ಉದಾಹರಣೆ ಬೇಡ. 2020ರ ಜನವರಿ 20ರಂದು ನಮ್ಮ ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಬ್ಯಾಗಿನೊಳಗೆ ನಿಜವಾದ ಸ್ಫೋಟಕ ಸಾಧನ ಇತ್ತು. ಅದನ್ನು ಅಲ್ಲಿ ಇಟ್ಟವನು ಆ ಬಗ್ಗೆ ಯಾರಿಗೂ ಸುಳಿವು ಕೊಟ್ಟಿರಲಿಲ್ಲ. ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಯ ಕಣ್ಣಿಗೆ ಬಿದ್ದದ್ದರಿಂದ ಗೊತ್ತಾಯಿತು. ಅದೇ ದಿನ ಹೈದರಾಬಾದಿಗೆ ಹೊರಟಿದ್ದ ವಿಮಾನವೊಂದರಲ್ಲಿ ಬಾಂಬ್ ಇದೆ ಎಂದು ಫೋನ್ ಕರೆಯೂ ಬಂತು. ವಿಮಾನವನ್ನು ಜಾಲಾಡಿದರೆ ಅಲ್ಲಿ ಏನೂ ಇರಲಿಲ್ಲ. ಬಾಂಬ್ ಇದ್ದ ಕಡೆ ಮೌನ, ಇಲ್ಲದ ಕಡೆ ಫೋನ್! ತರಬೇತಿಯಲ್ಲಿ ನಮಗೆ ಹೇಳಿಕೊಡುತ್ತಿದ್ದುದು ಒಂದೇ ದಿನ ಒಂದೇ ನಿಲ್ದಾಣದಲ್ಲಿ ಹೀಗೆ ಕಣ್ಣಿಗೆ ಕಟ್ಟುವಂತೆ ನಡೆದುಹೋಯಿತು. ಆರೋಪಿ ಎರಡು ದಿನ ಕಳೆದು ಬೆಂಗಳೂರಿನಲ್ಲಿ ಶರಣಾದ. ಹಿಂದೆ ಹುಸಿ ಬಾಂಬ್ ಕರೆ ಮಾಡಿ ಸಿಕ್ಕಿಬಿದ್ದಿದ್ದವನೇ ಆತ. 2022ರಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ 20 ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು.

ಹಾಗೆಂದು ಬೆದರಿಕೆಯ ಇಮೇಲನ್ನು ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯುವುದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಇಮೇಲ್ ಹೋಗಿತ್ತು. ಅದು ಎಚ್ಚರಿಕೆಯಲ್ಲ, ಜಂಬ ಕೊಚ್ಚಿಕೊಳ್ಳಲು ಕಳಿಸಿದ್ದು. ಆದರೂ ಮಾತಿನ ಬೆನ್ನಿಗೇ ಬಾಂಬ್ ಬಂದದ್ದು ಸುಳ್ಳಲ್ಲ. ಉತ್ತರ ಐರ್ಲೆಂಡಿನ ಗಲಭೆಯ ಕಾಲದಲ್ಲಿ ಅಲ್ಲಿನ ಉಗ್ರರು ಮೊದಲೇ ಗೊತ್ತುಮಾಡಿದ ಸಂಕೇತ ಪದವನ್ನು ಹೇಳಿ ಎಚ್ಚರಿಸುವ ಪದ್ಧತಿ ಇಟ್ಟುಕೊಂಡಿದ್ದರು. ಆ ಪದ ಕೇಳಿಸಿದರೆ ಪೊಲೀಸರು ಹಿಂದುಮುಂದು ನೋಡದೆ ಬೀದಿ ಖಾಲಿ ಮಾಡಿಸುತ್ತಿದ್ದರು. ಆದ್ದರಿಂದ ಪ್ರತಿ ಬೆದರಿಕೆಯನ್ನೂ ಪರಿಶೀಲಿಸಲೇಬೇಕು. ಎಲ್ಲದಕ್ಕೂ ಒಂದೇ ಪ್ರಮಾಣದ ಗಾಬರಿ ಮಾತ್ರ ಬೇಕಿಲ್ಲ.

ಈಗ ನಿಮ್ಮ ಅಂಗಡಿಯ ಮೆಟ್ಟಿಲಿಗೆ ಬರೋಣ. ನೀವು ಹಗ್ಗದ ಆಚೆ ನಿಂತಿದ್ದಿರಿ, ಈಚೆ ಏನು ನಡೆಯಿತೆಂದು ನಿಮಗೆ ಕಂಡಿರಲಾರದು.

ಮೊದಲು ಬಂದವರು ಠಾಣೆಯ ಸಿಬ್ಬಂದಿ. ಅವರ ಕೆಲಸ ಬ್ಯಾಗನ್ನು ನೋಡುವುದಲ್ಲ, ಜನರನ್ನು ದೂರ ಮಾಡುವುದು. ಎಷ್ಟು ದೂರ? ಬ್ರಿಟನ್ನಿನ ಪೊಲೀಸರು ಜನರಿಗೆ ಹೇಳಿಕೊಡುವ ಲೆಕ್ಕ ನೆನಪಿನಲ್ಲಿ ಇಟ್ಟುಕೊಳ್ಳಲು ಸುಲಭ: ಕೈಚೀಲದಂಥ ಸಣ್ಣ ವಸ್ತುವಾದರೆ 100 ಮೀಟರ್, ದೊಡ್ಡ ಸೂಟ್‌ಕೇಸ್ ಅಥವಾ ಕಾರಾದರೆ 200, ಲಾರಿಯಾದರೆ 400. ಸ್ಟೇಟ್‌ಬ್ಯಾಂಕಿನಲ್ಲಿ 100 ಮೀಟರ್ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಿಟಿ ಬಸ್ಸುಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ, ಹಂಪನಕಟ್ಟೆಯವರೆಗೆ ಹಾರ್ನ್ ಕೇಳಿಸುತ್ತದೆ. ಬಾಂಬಿಗಿಂತ ಟೈಮಿಂಗ್ ತಪ್ಪಿತಲ್ಲ ಎಂಬುದೇ ದೊಡ್ಡ ಚಿಂತೆಯಾಗಿ ನಮ್ಮವರ ಜತೆ ಜಗಳಕ್ಕೆ ನಿಂತ ಕಂಡಕ್ಟರುಗಳನ್ನು ನಾನು ಕಂಡಿದ್ದೇನೆ.

ದೂರದ ಜೊತೆಗೆ ಮರೆಯೂ ಬೇಕು. ವಸ್ತು ನಿಮ್ಮ ಕಣ್ಣಿಗೆ ನೇರವಾಗಿ ಕಾಣುತ್ತಿದೆ ಎಂದರೆ ಅದರಿಂದ ಚಿಮ್ಮುವ ಚೂರಿಗೂ ನೀವು ನೇರವಾಗಿಯೇ ಇದ್ದೀರಿ. ಕಾಂಕ್ರೀಟ್ ಕಟ್ಟಡದ ಹಿಂಬದಿ ಒಳ್ಳೆಯದು, ಗಾಜಿನ ಮುಂಭಾಗದ ಮಳಿಗೆಯ ಎದುರು ಕೆಟ್ಟದ್ದು. ಪೇಟೆಯ ಸ್ಫೋಟಗಳಲ್ಲಿ ಗಾಯಾಳುಗಳ ಮೈಯಿಂದ ಹೆಚ್ಚಾಗಿ ಹೆಕ್ಕುವುದು ಗಾಜಿನ ಚೂರನ್ನೇ. ಜನರನ್ನು ಒಂದು ಕಡೆ ಸೇರಿಸುವ ಮುಂಚೆ ಆ ಜಾಗವನ್ನೂ ಒಮ್ಮೆ ಹುಡುಕುತ್ತಾರೆ. ಮೊದಲನೆಯ ಗದ್ದಲಕ್ಕೆ ಓಡಿಬಂದವರನ್ನು ಗುರಿಯಿಟ್ಟು ಎರಡನೆಯದನ್ನು ಅಡಗಿಸಿಟ್ಟ ಪ್ರಕರಣಗಳು ಲೋಕದಲ್ಲಿ ನಡೆದಿವೆ. ನಿಮ್ಮನ್ನು ‘ಇಲ್ಲಿ ನಿಲ್ಲಬೇಡಿ, ಅಲ್ಲಿಗೆ ಹೋಗಿ’ ಎಂದು ಎರಡೆರಡು ಬಾರಿ ಓಡಿಸಿದ್ದರೆ ಕಾರಣ ಅದೇ.

ನಂತರ ಶ್ವಾನದಳ. ಸ್ಫೋಟಕ ಪತ್ತೆಯ ನಾಯಿ ವಾಸನೆ ಹಿಡಿದರೆ ಬೊಗಳುವುದಿಲ್ಲ, ಕಾಲಿನಿಂದ ಕೆದಕುವುದೂ ಇಲ್ಲ. ಆ ಜಾಗದಲ್ಲಿ ಸುಮ್ಮನೆ ಕುಳಿತು ಹ್ಯಾಂಡ್ಲರ್ ಮುಖ ನೋಡುತ್ತದೆ. ಕೆದಕುವ ನಾಯಿ ಈ ಕೆಲಸಕ್ಕೆ ಎಷ್ಟು ಅಪಾಯಕಾರಿ ಎಂದು ಬೇರೆ ಹೇಳಬೇಕಿಲ್ಲ. ಆದರೆ ನಾಯಿ ಕುಳಿತಿತು ಎಂದಾಕ್ಷಣ ಬಾಂಬ್ ಎಂದೂ ಅಲ್ಲ, ಕುಳಿತುಕೊಳ್ಳಲಿಲ್ಲ ಎಂದಾಕ್ಷಣ ಕ್ಷೇಮ ಎಂದೂ ಅಲ್ಲ. ನಮ್ಮ ಕರಾವಳಿಯಲ್ಲಿ ಜಾತ್ರೆಗೆ, ಭೂತದ ನೇಮಕ್ಕೆ ಸುಡುಮದ್ದು ಬೇಕೇ ಬೇಕು. ಕಲ್ಲುಕೋರೆಗಳಲ್ಲಿ ಜಿಲೆಟಿನ್ ಕಡ್ಡಿ ಬಳಸುತ್ತಾರೆ. ಒಮ್ಮೆ ಪಟಾಕಿ ಹೊತ್ತ ಚೀಲದಲ್ಲಿ ಆಮೇಲೆ ಬಟ್ಟೆ ತುಂಬಿಕೊಂಡು ಊರಿಗೆ ಹೊರಟರೂ ನಾಯಿಯ ಮೂಗಿಗೆ ಹಳೆಯ ವಾಸನೆ ತಿಳಿಯುತ್ತದೆ. ಅದು ನಾಯಿಯ ತಪ್ಪಲ್ಲ. ಜೊತೆಗೆ ಇಲ್ಲಿನ ಸೆಕೆಯಲ್ಲಿ ನಾಯಿ ಬೇಗ ದಣಿಯುತ್ತದೆ. ಬಾಯಿ ತೆರೆದು ಏದುಸಿರು ಬಿಡಲು ತೊಡಗಿದರೆ ಮೂಸುವ ಕೆಲಸ ಹಿಂದೆ ಬೀಳುತ್ತದೆ, ಆಗ ಅದನ್ನು ನೆರಳಿಗೆ ಕರೆದೊಯ್ದು ನೀರು ಕೊಟ್ಟು ಕಾಯಲೇಬೇಕು.

ಆಮೇಲಿನದು ನಡಿಗೆ. ಒಬ್ಬನೇ ಹೋಗಬೇಕು ಎಂಬುದು ನಿಯಮ. ಇಬ್ಬರು ಹೋದರೆ ಕೆಲಸ ಬೇಗ ಮುಗಿಯುವುದಿಲ್ಲ, ಆಪತ್ತು ಮಾತ್ರ ಇಬ್ಬರಿಗಾಗುತ್ತದೆ. ಬಾಂಬ್ ಸೂಟ್ 35 ಕಿಲೋ ಆಸುಪಾಸು ತೂಗುತ್ತದೆ. ತೊಡಿಸಲು ಇಬ್ಬರು ಬೇಕು. ಕುತ್ತಿಗೆಯ ಕಾಲರ್ ಎಷ್ಟು ದಪ್ಪವೆಂದರೆ ತಲೆ ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಬೆರಳಿನಲ್ಲಿ ಸೂಕ್ಷ್ಮ ಕೆಲಸ ಮಾಡಬೇಕಾದ್ದರಿಂದ ಅಂಗೈಗಳು ಬಹುಮಟ್ಟಿಗೆ ಬರಿದಾಗಿಯೇ ಇರುತ್ತವೆ. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಅದನ್ನು ತೊಟ್ಟು ಐವತ್ತು ಹೆಜ್ಜೆ ಇಡುವಷ್ಟರಲ್ಲಿ ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯುತ್ತದೆ. ಒರೆಸಿಕೊಳ್ಳೋಣವೆಂದರೆ ಮುಖದ ಮುಂದೆ ದಪ್ಪ ಗಾಜು. ಹೆಲ್ಮೆಟ್ಟಿನೊಳಗಿನ ಸಣ್ಣ ಫ್ಯಾನಿನ ಗುಂಯ್‌ಗುಟ್ಟುವಿಕೆ ಮತ್ತು ತನ್ನದೇ ಉಸಿರು, ಎರಡೇ ಕೇಳಿಸುತ್ತವೆ. ಈ ಸೂಟ್ ಹಾಕಿದರೆ ಏನೂ ಆಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ಸ್ವಲ್ಪ ದೂರದಲ್ಲಿದ್ದಾಗ ಸಿಡಿದರೆ ಅದು ಜೀವ ಉಳಿಸೀತು. ಮೊಣಕಾಲೂರಿ ಕುಳಿತಾಗ ದೊಡ್ಡದೊಂದು ಸಿಡಿದರೆ ಸೂಟ್ ಹೆಚ್ಚೇನೂ ಮಾಡಲಾರದು.

ಹೀಗೆ ಹೋದವನು ಬ್ಯಾಗಿನ ಜಿಪ್ ಎಳೆಯುವುದಿಲ್ಲ. ಬ್ಯಾಗಿನ ಹಿಂದೆ ಒಂದು ತೆಳು ಫಲಕ, ಮುಂದೆ ಎಕ್ಸ್‌ರೇ ಯಂತ್ರ ಇಟ್ಟು ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ಚಿತ್ರ ದೂರದಲ್ಲಿರುವ ಪರದೆಯ ಮೇಲೆ ಮೂಡುತ್ತದೆ. ಬಟ್ಟೆ ಅದರಲ್ಲಿ ಮಂಜಿನಂತೆ ಮಸುಕು, ಲೋಹ ಮತ್ತು ಬ್ಯಾಟರಿ ಮಾತ್ರ ಕಡುಕಪ್ಪು. ನಿಮ್ಮ ಬ್ಯಾಗಿನಲ್ಲಿ ಬರೀ ಬಟ್ಟೆ ಇದ್ದಿದ್ದರೆ ಪ್ರಾಯಶಃ ಒಂದು ಗಂಟೆ ಮೊದಲೇ ಅಂಗಡಿ ತೆರೆಯುತ್ತಿದ್ದಿರಿ. ಅದರಲ್ಲಿ ಚಾರ್ಜರ್ ಇತ್ತು. ಸುರುಳಿ ಸುತ್ತಿದ ತಂತಿಯ ತುದಿಯಲ್ಲಿ ಚೌಕಾಕಾರದ ಕಪ್ಪು ಗಂಟು ಕಂಡರೆ ಯಾವ ತಂತ್ರಜ್ಞನೂ ಅದನ್ನು ಚಾರ್ಜರ್ ಎಂದು ಪ್ರಮಾಣ ಮಾಡಿ ಹೇಳುವುದಿಲ್ಲ. ಇನ್ನೊಂದು ಕೋನದಿಂದ ಮತ್ತೊಂದು ಚಿತ್ರ ಬೇಕು. ಅದಕ್ಕೆ ಮತ್ತೊಂದು ನಡಿಗೆ, ಮತ್ತೆ ಸೂಟ್, ಮತ್ತೆ ಕಾಯುವುದು.

ಅದರಿಂದಲೂ ಸಂಶಯ ತೀರದಿದ್ದರೆ ಎರಡು ದಾರಿ ಇವೆ. ಕೊಕ್ಕೆ ಸಿಕ್ಕಿಸಿ ಉದ್ದನೆಯ ಹಗ್ಗದಿಂದ, ಮರೆಯಲ್ಲಿ ನಿಂತು ಎಳೆಯುವುದು ಒಂದು. ಎಳೆದಾಗ, ಉರುಳಿದಾಗ ಏನೂ ಆಗದಿದ್ದರೆ ಧೈರ್ಯ ಸ್ವಲ್ಪ ಹೆಚ್ಚುತ್ತದೆ. ಎರಡನೆಯದು ನೀರಿನ ಹೊಡೆತ. ನೀರು ತುಂಬಿದ ದಪ್ಪ ನಳಿಗೆಯನ್ನು ಬ್ಯಾಗಿನತ್ತ ಗುರಿಯಿಟ್ಟು ದೂರದಿಂದ ಹಾರಿಸುತ್ತಾರೆ. ಒಳಗಿನ ತಂತಿ, ಬ್ಯಾಟರಿ ತಮ್ಮ ಕೆಲಸ ಮಾಡುವ ಮುನ್ನವೇ ಆ ನೀರು ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡಿಬಿಡುತ್ತದೆ. ನೀವು ಕೇಳಿದ ‘ದೊಡ್ಡ ಸದ್ದು’ ಅದೇ ಆಗಿರಬೇಕು, ಅಂದರೆ ನಮ್ಮವರದೇ. ಆ ಸದ್ದು ಕೇಳಿಸಿದ ಹತ್ತು ನಿಮಿಷದಲ್ಲಿ ‘ಸ್ಟೇಟ್‌ಬ್ಯಾಂಕಿನಲ್ಲಿ ಬಾಂಬ್ ಸ್ಫೋಟ’ ಎಂಬ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಸುರತ್ಕಲ್, ತೊಕ್ಕೊಟ್ಟು ದಾಟಿ ಕೊಲ್ಲಿ ರಾಷ್ಟ್ರದಲ್ಲಿರುವ ಮಕ್ಕಳ ಮೊಬೈಲಿಗೂ ತಲುಪಿರುತ್ತದೆ. ಅಲ್ಲಿಂದ ತಾಯಂದಿರಿಗೆ ಫೋನ್ ಬರಲು ಶುರುವಾಗುತ್ತದೆ.

ನಿಜವಾದ ಸಾಧನವೇ ಸಿಕ್ಕಿ, ಅದನ್ನು ಸಾಗಿಸಬಹುದು ಎಂದು ಕಂಡರೆ ಅಲ್ಲೇ ಒಡೆಯುವುದಿಲ್ಲ. ಬಜ್ಪೆಯಲ್ಲಿ ಹಾಗೆಯೇ ಆಯಿತು. ಸ್ಫೋಟದ ಒತ್ತಡ ತಡೆದುಕೊಳ್ಳುವ ಉಕ್ಕಿನ ಪಾತ್ರೆಯಿರುವ ವಾಹನದಲ್ಲಿ ಬ್ಯಾಗನ್ನು ಕೆಂಜಾರಿನ ಬಯಲಿಗೆ ಒಯ್ದು, ಮರಳು ಚೀಲಗಳ ನಡುವೆ ಇಟ್ಟು, ಸಂಜೆಯ ಹೊತ್ತಿಗೆ ದೂರದಿಂದ ಸ್ಫೋಟಿಸಿದರು. ನಿಲ್ದಾಣದಲ್ಲಿ ಅದರ ಹತ್ತಿರ ಹೋಗಿ ಎತ್ತಿ ತಂದವರ ಕೆಲಸ ಇದೆಯಲ್ಲ, ಅದರ ಬಗ್ಗೆ ಟಿ.ವಿ.ಯಲ್ಲಿ ಯಾರೂ ಅಷ್ಟಾಗಿ ಮಾತನಾಡಲಿಲ್ಲ. ಬಯಲಿನಲ್ಲಿ ಎದ್ದ ಹೊಗೆಯನ್ನೇ ಮತ್ತೆ ಮತ್ತೆ ತೋರಿಸಿದರು.

ಶಾಲೆಯ ಇಮೇಲಿನ ಕಥೆ ಬೇರೆ. ಅಲ್ಲಿ ಮೊದಲು ನಡೆಯುವುದು ಓದು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಿಗ್ಗೆ ಇಂಥ ಇಮೇಲ್ ಬಂತು. 2024ರ ಮೇ 1ರಂದು ದೆಹಲಿ ಮತ್ತು ಸುತ್ತಮುತ್ತಲಿನ ನೂರಕ್ಕೂ ಹೆಚ್ಚು ಶಾಲೆಗಳಿಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ನೂರಾರು ವಿಮಾನಗಳಿಗೆ ಬೆದರಿಕೆಗಳು ಬಂದವು. ನಮ್ಮ ಬಜ್ಪೆ ನಿಲ್ದಾಣಕ್ಕೂ ಹಲವು ಬಾರಿ ಬಂದಿವೆ. ಎಲ್ಲವೂ ಹುಸಿ. ಒಂದೇ ಪಠ್ಯ ಹತ್ತಾರು ಕಡೆಗೆ ಹೋಗಿದೆ, ಕಟ್ಟಡದ ಹೆಸರಿಲ್ಲ, ಹೊತ್ತಿನ ಉಲ್ಲೇಖವಿಲ್ಲ, ಆ ಶಾಲೆಯ ಬಗ್ಗೆ ಬರೆದವನಿಗೆ ಏನೂ ತಿಳಿದಿಲ್ಲ ಎಂದು ಕಂಡರೆ ಅದರ ತೂಕ ಇಳಿಯುತ್ತದೆ. ‘ಎರಡನೆಯ ಮಹಡಿಯ ರಸಾಯನಶಾಸ್ತ್ರ ಪ್ರಯೋಗಾಲಯದ ಕಪಾಟಿನ ಹಿಂದೆ’ ಎಂದು ಬರೆದಿದ್ದು, ಅಲ್ಲಿ ನಿಜಕ್ಕೂ ಅಂಥ ಕಪಾಟು ಇದ್ದರೆ ಮಾತು ಬೇರೆಯೇ. ವಿಮಾನ ನಿಲ್ದಾಣಗಳಲ್ಲಿ ಇದಕ್ಕಾಗಿಯೇ ಬಾಂಬ್ ಬೆದರಿಕೆ ಮೌಲ್ಯಮಾಪನ ಸಮಿತಿ ಇದೆ. ಅದು ಕುಳಿತು ಬೆದರಿಕೆಯನ್ನು ‘ನಿರ್ದಿಷ್ಟ’ ಅಥವಾ ‘ಅನಿರ್ದಿಷ್ಟ’ ಎಂದು ವಿಂಗಡಿಸುತ್ತದೆ, ಮುಂದಿನ ಕ್ರಮವೆಲ್ಲ ಅದರ ಮೇಲೆ ನಿಂತಿದೆ. ಶಾಲೆಗೆ ಅಂಥ ಸಮಿತಿ ಇರುವುದಿಲ್ಲ. ಆದರೆ ಠಾಣಾಧಿಕಾರಿ, ದಳದವರು ಮತ್ತು ಮುಖ್ಯ ಶಿಕ್ಷಕರು ಒಂದು ಮೂಲೆಯಲ್ಲಿ ನಿಂತು ಮಾಡುವ ಲೆಕ್ಕ ಅದೇ.

ಅನಿರ್ದಿಷ್ಟ ಎಂದು ಕಂಡರೂ ಹುಡುಕುತ್ತಾರೆ. ಹೊರಗಿನವನು ಸುಲಭವಾಗಿ ತಲುಪಬಹುದಾದ ಜಾಗದಿಂದ ಆರಂಭ: ಗೇಟು, ಪಾರ್ಕಿಂಗ್, ಶೌಚಾಲಯ, ಮೆಟ್ಟಿಲಡಿ, ಕಸದ ತೊಟ್ಟಿ, ಹೂಕುಂಡದ ಹಿಂಬದಿ. ಕೋಣೆಯೊಳಗೆ ಎತ್ತರದ ಪ್ರಕಾರ ಹೋಗಬೇಕು, ಮೊದಲು ನೆಲದಿಂದ ಸೊಂಟದವರೆಗೆ ಒಂದು ಸುತ್ತು, ಸೊಂಟದಿಂದ ತಲೆಯವರೆಗೆ ಇನ್ನೊಂದು, ಕೊನೆಗೆ ಮೇಲ್ಛಾವಣಿ. ಹೀಗೆ ಮಾಡದೆ ಕಣ್ಣಾಡಿಸಿದರೆ ನೋಡಿದ್ದನ್ನೇ ನೋಡಿ ನೋಡದ್ದನ್ನು ಬಿಟ್ಟು ಬರುತ್ತೇವೆ. ಈ ಕೆಲಸದಲ್ಲಿ ಪೊಲೀಸರಿಗಿಂತ ಶಾಲೆಯ ಆಯಾ ಹೆಚ್ಚು ಉಪಯೋಗಕ್ಕೆ ಬರುತ್ತಾರೆ ಎಂದರೆ ನಂಬುತ್ತೀರಾ? ಯಾವ ಬೀರುವಿನ ಮೇಲೆ ಏನಿರುತ್ತದೆ, ನಿನ್ನೆ ಇಲ್ಲದ್ದು ಇವತ್ತು ಎಲ್ಲಿ ಬಂದಿದೆ ಎಂದು ದಿನಾ ಗುಡಿಸುವವರಿಗೆ ಗೊತ್ತು. ನಮ್ಮವರ ಕಣ್ಣಿಗೆ ಆ ಕೋಣೆಯಲ್ಲಿರುವುದೆಲ್ಲ ಹೊಸದೇ.

ಮಕ್ಕಳನ್ನು ಕೂಡಲೇ ರಸ್ತೆಗೆ ಕಳಿಸಲಿಲ್ಲವೇಕೆ ಎಂದು ಪೋಷಕರು ಸಿಟ್ಟಾಗುತ್ತಾರೆ. ಏನನ್ನಾದರೂ ಅಡಗಿಸಿಡಬೇಕೆಂದು ಯಾರಾದರೂ ಹೊರಟರೆ ಅವರಿಗೆ ಅನುಕೂಲವಾದ ಜಾಗ ಗೇಟು ಮತ್ತು ಕಾರಿಡಾರು. ಹುಡುಕದೆ ಸಾವಿರ ಮಕ್ಕಳನ್ನು ಅದರ ಪಕ್ಕದಿಂದಲೇ ನಡೆಸಿಕೊಂಡು ಹೋಗುವುದು ಜಾಣತನವಲ್ಲ. ಆದ್ದರಿಂದ ಮೊದಲು ಹೊರಹೋಗುವ ದಾರಿ ಮತ್ತು ಮೈದಾನವನ್ನು ನೋಡಿ, ಆಮೇಲೆ ಮಕ್ಕಳನ್ನು ಮೈದಾನಕ್ಕೆ ತರುವುದು ಸರಿಯಾದ ಕ್ರಮ. ಇನ್ನೊಂದು ಸೂಕ್ಷ್ಮವಿದೆ. ಬೆಂಕಿ ಬಿದ್ದಾಗ ಬ್ಯಾಗ್ ಬಿಟ್ಟು ಓಡಬೇಕು. ಬಾಂಬ್ ಬೆದರಿಕೆಯಲ್ಲಿ ಸಮಯವಿದ್ದರೆ ಅವರವರ ಬ್ಯಾಗ್, ಟಿಫಿನ್ ಡಬ್ಬಿ ಅವರವರೇ ಎತ್ತಿಕೊಂಡು ಹೊರಬರುವುದು ಒಳ್ಳೆಯದು. ಎಂಟುನೂರು ಬ್ಯಾಗುಗಳನ್ನು ಬೆಂಚಿನಡಿ ಬಿಟ್ಟು ಹೋದರೆ ನಾಯಿಗೂ ನಮಗೂ ಸಂಜೆಯವರೆಗೆ ಕೆಲಸ. ಎತ್ತಿಕೊಂಡು ಹೋದರೆ ಯಾರದೂ ಅಲ್ಲದ್ದು ಮಾತ್ರ ಉಳಿಯುತ್ತದೆ. ಕೋಣೆಗಳಿಗೆ ಬೀಗ ಹಾಕಬಾರದು. ಬೀಗ ಹಾಕಿ ಕೀಲಿಕೈ ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಹೋದ ಗುಮಾಸ್ತರನ್ನು ಹುಡುಕುವುದು ಬಾಂಬ್ ಹುಡುಕುವುದಕ್ಕಿಂತ ಕಷ್ಟ.

ಮತ್ತು ದಯವಿಟ್ಟು, ಸುದ್ದಿ ಕೇಳಿದ ಕೂಡಲೇ ಸ್ಕೂಟರ್ ಹತ್ತಿ ಶಾಲೆಗೆ ಧಾವಿಸಬೇಡಿ. ತಂದೆಯ ಮನಸ್ಸು ತಡೆಯುವುದಿಲ್ಲ ಎಂದು ನನಗೂ ಗೊತ್ತು, ನಾನೂ ಮಕ್ಕಳನ್ನು ಬೆಳೆಸಿದವನೇ. ಆದರೆ ಮಂಗಳೂರಿನ ಶಾಲೆಗಳ ರಸ್ತೆ ಹೇಗಿದೆ ಎಂದು ನೋಡಿದ್ದೀರಿ. ಇನ್ನೂರು ಕಾರುಗಳು ಗೇಟಿಗೆ ಅಡ್ಡ ನಿಂತರೆ ದಳದ ವಾಹನವೂ ಒಳಗೆ ಬರುವುದಿಲ್ಲ, ಆಂಬುಲೆನ್ಸೂ ಹೊರಗೆ ಹೋಗುವುದಿಲ್ಲ. ಶಾಲೆಯಿಂದ ಸಂದೇಶ ಬರುವವರೆಗೆ ಕಾಯಿರಿ.

ಈಗ ನಿಮ್ಮ ನೆರೆಯವರ ಮುನಿಸಿನ ವಿಷಯ. ಯಾವ ಚೀಲಕ್ಕೆ ಪೊಲೀಸರನ್ನು ಕರೆಯಬೇಕು, ಯಾವುದಕ್ಕೆ ಬೇಡ ಎಂಬುದಕ್ಕೆ ಮೂರು ಪ್ರಶ್ನೆ ಸಾಕು. ಅದನ್ನು ಕಾಣದಂತೆ ಅಡಗಿಸಿ ಇಟ್ಟಿದ್ದಾರೆಯೇ? ಹೊರಗೆ ತಂತಿ, ಟೇಪು, ಬ್ಯಾಟರಿ, ರಾಸಾಯನಿಕದ ವಾಸನೆಯಂಥ ನೇರ ಲಕ್ಷಣವಿದೆಯೇ? ಅಂಥ ವಸ್ತು ಆ ಜಾಗದಲ್ಲಿ ಇರುವಂಥದ್ದೇ? ಮೂರನೆಯ ಪ್ರಶ್ನೆಗೆ ಉತ್ತರ ಹೇಳಲು ಸ್ಥಳೀಯರೇ ಬೇಕು. ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಕೈಗೆ ಪಾರ್ಸೆಲ್ ಕೊಟ್ಟು ‘ಇಂಥ ನಿಲ್ದಾಣದಲ್ಲಿ ನಮ್ಮವರು ಬಂದು ತೆಗೆದುಕೊಳ್ಳುತ್ತಾರೆ’ ಎನ್ನುವುದು ನಿತ್ಯದ ರೂಢಿ. ಶಂಕರಪುರದ ಮಲ್ಲಿಗೆ ಬಾಳೆ ಎಲೆಯ ಕಟ್ಟಿನಲ್ಲಿ ಬರುತ್ತದೆ, ಮಲ್ಪೆಯಿಂದ ಮೀನು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಟೇಪು ಸುತ್ತಿಕೊಂಡು ನೀರು ತೊಟ್ಟಿಕ್ಕುತ್ತ ಬರುತ್ತದೆ. ಬೇರೆ ಊರಿನಿಂದ ವರ್ಗವಾಗಿ ಬಂದ ಅಧಿಕಾರಿಗೆ ಇವೆಲ್ಲ ಅನುಮಾನಾಸ್ಪದವೇ. ಉಡುಪಿಯ ಬಸ್ ನಿಲ್ದಾಣವೊಂದರಲ್ಲಿ ಬಟ್ಟೆಯ ಗಂಟೊಂದರ ಸುತ್ತ ಜನರನ್ನು ದೂರ ಸರಿಸಿ ನಾವು ನಿಂತಿದ್ದಾಗ, ಸುತ್ತಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೊರಟಿದ್ದ ವಯಸ್ಸಾದ ಹೆಂಗಸೊಬ್ಬರು ಗುಂಪನ್ನು ಸೀಳಿಕೊಂಡು ಬಂದು ‘ಅದು ನನ್ನ ಬೀಡಿ, ಲೆಕ್ಕ ತಪ್ಪಿದರೆ ನೀವು ಕೊಡುತ್ತೀರಾ’ ಎಂದು ಗದರಿದರು. ಒಳಗೆ ಏನಿದೆ, ಗಂಟು ಯಾವ ಬಣ್ಣದ ದಾರದ್ದು ಎಂದು ಕೇಳಿ ಖಾತ್ರಿ ಮಾಡಿಕೊಂಡು ಬಿಟ್ಟೆವು. ಅವರಿಗೆ ಯಾರೂ ಬೈಯಲಿಲ್ಲ. ಬ್ಯಾಗ್ ಮರೆತುಹೋಗುವುದು ಅಪರಾಧವಲ್ಲ, ಆದ್ದರಿಂದ ಹಗ್ಗ ಕಟ್ಟಿದ್ದು ಕಂಡಮೇಲೂ ನಾಚಿಕೆಯಿಂದ ಸುಮ್ಮನೆ ನಿಲ್ಲದೆ ಮುಂದೆ ಬಂದು ಹೇಳಿದರೆ ಎಲ್ಲರ ಹೊತ್ತು ಉಳಿಯುತ್ತದೆ.

ನೀವು ಅಕ್ಕಪಕ್ಕ ಕೇಳಿ, ವಾರಸುದಾರ ಸಿಗದೆ, ಆಮೇಲೆ ಫೋನ್ ಮಾಡಿದಿರಿ. ಅದಕ್ಕಿಂತ ಸರಿಯಾದ ಕ್ರಮ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 217ನೆಯ ಕಲಂ ಶಿಕ್ಷಿಸುವುದು ಸುಳ್ಳೆಂದು ತಿಳಿದೂ ಮಾಹಿತಿ ಕೊಟ್ಟವನನ್ನು. ನಿಜವಾದ ಸಂಶಯದಿಂದ ಫೋನ್ ಮಾಡಿದವನು ಅದರ ವ್ಯಾಪ್ತಿಗೆ ಬರುವುದಿಲ್ಲ. ನೆರೆಯವರು ಮತ್ತೆ ಗೊಣಗಿದರೆ 2022ರ ನವೆಂಬರ್ 19ರ ಸಂಜೆಯನ್ನು ನೆನಪಿಸಿ. ನಾಗುರಿಯಲ್ಲಿ ಆಟೋರಿಕ್ಷಾದೊಳಗೆ ಪ್ರಯಾಣಿಕನ ಬ್ಯಾಗಿನಲ್ಲಿದ್ದ ಕುಕ್ಕರ್ ಸಿಡಿದು ಚಾಲಕನೂ ಗಾಯಗೊಂಡ. ಮೊದಲ ನೋಟಕ್ಕೆ ರಿಕ್ಷಾಕ್ಕೆ ಬೆಂಕಿ ಹತ್ತಿದಂತೆಯೇ ಕಾಣುತ್ತಿತ್ತು. ಅದು ಭಯೋತ್ಪಾದನಾ ಕೃತ್ಯ ಎಂದು ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಹೇಳಿದ್ದು ಮರುದಿನ. ಆ ಬ್ಯಾಗೂ ಹೊರಗಿನಿಂದ ನೋಡಲು ಸಾದಾ ಬ್ಯಾಗೇ ಆಗಿತ್ತು.

ಒಂದು ತಪ್ಪು ನಂಬಿಕೆಯನ್ನು ಮಾತ್ರ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ಬಾಂಬನ್ನು ನೀರಿನ ಬಕೆಟ್ಟಿಗೆ ಹಾಕಿದರೆ ಸತ್ತುಹೋಗುತ್ತದೆ ಎನ್ನುತ್ತಾರೆ. ಹಾಕಲು ಅದನ್ನು ಎತ್ತಬೇಕು. ಎತ್ತಿದರೆ ಸಿಡಿಯುವಂತೆ ಮಾಡಿದ್ದರೆ? ನೀರು ತಂತಿಯ ತುದಿಗಳನ್ನು ಕೂಡಿಸಿದರೆ? ದಳದವರು ಬಳಸುವ ನೀರಿನ ಹೊಡೆತಕ್ಕೂ ನಿಮ್ಮ ಬಕೆಟ್ಟಿಗೂ ಸಂಬಂಧವಿಲ್ಲ. ಮರಳು ಸುರಿಯಬೇಡಿ, ಕೋಲಿನಿಂದ ತಳ್ಳಬೇಡಿ, ಹತ್ತಿರ ನಿಂತು ಫೋಟೊ ತೆಗೆಯಬೇಡಿ. 15 ಮೀಟರಿನೊಳಗೆ ಮೊಬೈಲಾಗಲಿ ವಾಕಿಟಾಕಿಯಾಗಲಿ ಬಳಸಬಾರದು ಎಂಬುದು ಬ್ರಿಟನ್ನಿನಲ್ಲಿ ಜನರಿಗೆ ಕೊಡುವ ಸೂಚನೆ. ದೂರ ಹೋಗಿ ಫೋನ್ ಮಾಡಿ.

ಬೆದರಿಕೆ ಇಮೇಲಿನಲ್ಲಿ ಬಂದರೆ ಅಳಿಸಬೇಡಿ, ಬೇರೆಯವರಿಗೆ ಕಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದುಕೊಂಡೆ ಎಂದು ಸಮಾಧಾನಪಡಬೇಡಿ. ಅದು ಯಾವ ಸರ್ವರುಗಳನ್ನು ಹಾದು ಬಂತೆಂಬ ಮಾಹಿತಿ ಮೂಲ ಸಂದೇಶದೊಳಗೆ ಅಡಗಿರುತ್ತದೆ, ಚಿತ್ರದಲ್ಲಿ ಇರುವುದಿಲ್ಲ. ಕಳಿಸಿದವನು ತಾನಿರುವ ಜಾಗವನ್ನು ಮರೆಮಾಚುವ ವಿಪಿಎನ್ ಬಳಸಿ, ವಿದೇಶದ ಸೇವಾ ಸಂಸ್ಥೆಯ ಖಾತೆಯಿಂದ ಬರೆದಿದ್ದರೆ ಆ ಸಂಸ್ಥೆಗೆ ಪತ್ರ ಬರೆದು ಉತ್ತರಕ್ಕೆ ಕಾಯಬೇಕು. ‘ಇನ್ನೂ ಹಿಡಿದಿಲ್ಲವೇ’ ಎಂದು ಪತ್ರಿಕೆಗಳು ಕೇಳುವ ಹೊತ್ತಿಗೆ ತನಿಖಾಧಿಕಾರಿ ಆ ಉತ್ತರದ ದಾರಿ ಕಾಯುತ್ತಿರುತ್ತಾನೆ. ಸಿಕ್ಕಿದರೆ ಹೆಸರು ಮುಚ್ಚಿಟ್ಟು ಬೆದರಿಸಿದ್ದಕ್ಕೆ ಅದೇ ನ್ಯಾಯ ಸಂಹಿತೆಯ 351ನೆಯ ಕಲಂ, ಜನರಲ್ಲಿ ಭೀತಿ ಹುಟ್ಟಿಸಿದ್ದಕ್ಕೆ 353ನೆಯ ಕಲಂ ಇವೆ. ಎರಡನೆಯದಕ್ಕೆ 3 ವರ್ಷದವರೆಗೆ ಸಜೆ. ನನ್ನನ್ನು ಕೇಳಿದರೆ ಸಜೆಯ ಜೊತೆಗೆ ಆ ದಿನದ ಇಡೀ ಖರ್ಚನ್ನೂ ಅವನಿಂದಲೇ ವಸೂಲು ಮಾಡಬೇಕು.

ಫೋನಿನಲ್ಲಿ ಬಂದರೆ ಕರೆ ಕತ್ತರಿಸಬೇಡಿ. ಎಲ್ಲಿ ಇಟ್ಟಿದ್ದೀಯಾ, ಯಾವಾಗ ಸಿಡಿಯುತ್ತದೆ, ನೋಡಲು ಹೇಗಿದೆ, ಏಕೆ ಇಟ್ಟೆ ಎಂದು ಮಾತಿಗೆ ಎಳೆಯಿರಿ. ಸುಳ್ಳು ಹೇಳುವವನು ಸಾಮಾನ್ಯವಾಗಿ ಎರಡನೆಯ ಪ್ರಶ್ನೆಗೇ ತಡವರಿಸುತ್ತಾನೆ. ಕೈಗೆ ಸಿಕ್ಕ ಬಿಲ್ಲಿನ ಹಿಂಬದಿಯಲ್ಲಾದರೂ ಅವನ ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳಿ. ಹಿನ್ನೆಲೆಯಲ್ಲಿ ರೈಲಿನ ಪ್ರಕಟಣೆಯೋ, ಬಂದರಿನ ಐಸ್ ಪುಡಿ ಮಾಡುವ ಯಂತ್ರವೋ ಕೇಳಿಸಿತೇ ಗಮನಿಸಿ. ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಅನುಕೂಲವಿದೆ. ತುಳು ಮನೆಮಾತಿನವನ ಕನ್ನಡ ಒಂದು ಥರ, ಬ್ಯಾರಿಯದು, ಕೊಂಕಣಿಯದು ಒಂದೊಂದು ಥರ, ಕುಂದಾಪುರದವನು ಬಾಯಿ ಬಿಟ್ಟರೇ ಸಾಕು. ಎಷ್ಟು ಬದಲಿಸಿದರೂ ರಾಗ ಬಿಟ್ಟುಹೋಗುವುದಿಲ್ಲ. ನಿಮ್ಮಂತೆ ದಿನವಿಡೀ ಎಲ್ಲ ಬಗೆಯ ಗಿರಾಕಿಗಳ ಮಾತು ಕೇಳುವವರ ಕಿವಿ ಇದನ್ನು ಠಾಣೆಯವರಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಕೊನೆಯದಾಗಿ ನಿಮ್ಮ ಅಂಗಡಿಗೆ ಸಂಬಂಧಿಸಿದ ಒಂದು ಕೆಲಸ ಹೇಳುತ್ತೇನೆ. ಬಜ್ಪೆ ಪ್ರಕರಣದಲ್ಲಿ ಆಟೋರಿಕ್ಷಾದಲ್ಲಿ ಬಂದಿಳಿದ ವ್ಯಕ್ತಿಯ ಸಿಸಿಟಿವಿ ಚಿತ್ರಗಳನ್ನು ಪೊಲೀಸರು ಅದೇ ದಿನ ಬಿಡುಗಡೆ ಮಾಡಲು ಸಾಧ್ಯವಾಯಿತು. ನಿಮ್ಮ ಅಂಗಡಿಯಲ್ಲಿ ಕ್ಯಾಮೆರಾ ಇದ್ದರೆ ಅದು ಮೆಟ್ಟಿಲನ್ನೂ ರಸ್ತೆಯನ್ನೂ ನೋಡುತ್ತಿದೆಯೇ, ಕ್ಯಾಶ್ ಡ್ರಾಯರನ್ನು ಮಾತ್ರ ನೋಡುತ್ತಿದೆಯೇ ಪರೀಕ್ಷಿಸಿ. ಪರದೆಯ ಮೂಲೆಯ ಗಡಿಯಾರವನ್ನು ಮೊಬೈಲಿನ ಸಮಯಕ್ಕೆ ಸರಿಹೊಂದಿಸಿ. ಹತ್ತು ಅಂಗಡಿಗಳ ಕ್ಯಾಮೆರಾ ಹತ್ತು ಸಮಯ ತೋರಿಸಿದರೆ ಒಬ್ಬ ಮನುಷ್ಯ ಯಾವ ಬಸ್ಸಿನಿಂದ ಇಳಿದು ಯಾವ ಕಡೆ ಹೋದನೆಂದು ಜೋಡಿಸುವುದಕ್ಕೆ ದಿನಗಳು ಬೇಕಾಗುತ್ತವೆ. ವಿದ್ಯುತ್ ಹೋಗಿ ಬಂದಾಗ ಕೆಲವು ಯಂತ್ರಗಳ ಗಡಿಯಾರ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಿಕೊಳ್ಳಿ.